ಕಪ್ಪು ರಿಬ್ಬನ್ನಿನ ಮೇಲಿನ ಬೊಟ್ಟು

ಕೆಂಪಗೆ, ದುಂಡಗೆ, ತೊಗರಿಬೇಳೆಯಷ್ಟು — ಬೊಟ್ಟು, ಹೆಂಗಸಿನ ಹಣೆಯ ಮೇಲಿರಬೇಕಾದ ಸ್ಟಿಕ್ಕರ್ ಬೊಟ್ಟು, ಕಪ್ಪು ರಿಬ್ಬನ್ನಿನ ಸುರುಳಿಯ ಮೇಲೆ ಕೂತು ತನ್ನನ್ನೇ ನೋಡುತ್ತಿದೆ ಅನ್ನಿಸಿತು ಚನ್ನವೀರಮ್ಮನಿಗೆ, ನೋಡಲಿ, ಎಷ್ಟು ಹೊತ್ತು ನೋಡುತ್ತದೋ ನೋಡಲಿ, ತನಗೇನು ಅವಸರವಿಲ್ಲ, ಲೇಬಲ್ ಹೊಡೆಯುವ ಮಷೀನಿಗೆ ಕರೆಂಟು ಹಾಕಿ ಸ್ಟೂಲಿನ ಮೇಲೆ ಕೂತಾಗಿದೆ, ಅಚ್ಚಿನ ಮೊಳೆಗಳು ಕಾಯುವವರೆಗೆ ಕೂತೇ ಇರಬೇಕು, ಈ ಬಳ್ಳಾರಿಯ ಬಿಸಿಲಿಗೆ ಬೀದಿಯಲ್ಲಿಟ್ಟರೂ ಕಾದಾವು, ತಲೆಯ ಮೇಲಿನ ತಗಡು ಆಗಲೇ ಟಣ್ ಟಣ್ ಅನ್ನುತ್ತಿದೆ, ಕೌಲ್ ಬಜಾರಿನ ಈ ಒಂದೇ ಖೋಲಿಯ ಅಂಗಡಿಯಲ್ಲಿ ಅವಳು ಮತ್ತು ಆ ಬೊಟ್ಟು, ಇನ್ನಾರೂ ಇಲ್ಲ, ಗಂಡ ಉಜ್ಜಿನಪ್ಪ ಬೆಳಗಿನ ಬಸ್ಸಿಗೆ ಸಿರುಗುಪ್ಪಕ್ಕೆ ಹೋದ, ಅಕ್ಕಿ ಮಿಲ್ಲಿನ ಚೀಲಕ್ಕೆ ಕಟ್ಟುವ ರಟ್ಟಿನ ಚೀಟಿ ಮುಟ್ಟಿಸಲಿಕ್ಕೆ, ಹೋಗುವಾಗ ಚಪ್ಪಲಿ ಮೆಟ್ಟುತ್ತ ಅಂದ ಮಾತು ಇನ್ನೂ ಹೊಸ್ತಿಲು ದಾಟಿಲ್ಲ, ಅಯ್ಯಣ್ಣನ ಪ್ಯಾಂಟಿನ ಲೇಬಲ್ ಇವತ್ತ ಹೊಡದು ಮುಗಿಸಬೇಕು ಚನ್ನೀ, ಸಂಜಿಕ ಅವನ ಮಂದಿ ಬರ್ತಾರ, ಯಾವ ರಿಬ್ಬನ್ ಅಂತ ನೀ ತಲಿ ಕೆಡಿಸ್ಕೋಬ್ಯಾಡ, ವಿರೂಪಮ್ಮ ನೋಡಿ ಬೊಟ್ಟು ಹಚ್ಚಿಟ್ಟಾಳ, ಅದನ್ನ ಹಾಕು, ಕೈ ಜ್ವಾಕಿ. ನೀ ತಲಿ ಕೆಡಿಸ್ಕೋಬ್ಯಾಡ. ಆಹಾ. ಈ ಅಂಗಡಿಯಲ್ಲಿ ರಿಬ್ಬನ್ನಿನ ತಲೆನೋವು ಇದುವರೆಗೆ ಯಾರದಾಗಿತ್ತಪ್ಪಾ ಉಜ್ಜಿನಪ್ಪ, ಆ ತಲೆನೋವನ್ನು ಮಲ್ಲಿಗೆಯ ಹಾಗೆ ಮುಡಿದುಕೊಂಡು ತಿರುಗಿದವಳು ಯಾರು, ಈಗ ಅದನ್ನೂ ಬಿಚ್ಚಿ ಇನ್ನೊಬ್ಬಳ ತಲೆಗೆ ಮುಡಿಸಿದೆಯಲ್ಲ.

ಬಾಯಲ್ಲಿ ಹೆಸರು ಹೇಳಬಾರದ ಗಂಡನನ್ನು ಮನಸ್ಸು ಹೆಸರು ಹಿಡಿದೇ ಬೈಯುತ್ತದೆ, ಬೈಯಲಿ, ಮನಸ್ಸಿಗೆ ಯಾವ ಅತ್ತೆ ಇದ್ದಾಳೆ. ಸುರುಳಿಗಳು ಎರಡಿವೆ, ಎರಡನ್ನೂ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು, ಮುಂಬಯಿಯಿಂದ ಒಂದೇ ನೀಲಿ ಕಾಗದ ಸುತ್ತಿಕೊಂಡು ಬರುತ್ತವೆ, ಎರಡೂ ಕಪ್ಪು, ಎರಡೂ ಮಿರಿಮಿರಿ, ಅವಳಿಜವಳಿ ಮಕ್ಕಳ ಹಾಗೆ, ಗುಣ ಮಾತ್ರ ಬೇರೆ, ಒಂದು ಮೇಣದ್ದು, ಒಂದು ರಾಳದ್ದು, ರಿಬ್ಬನ್ನನ್ನು ಪಟ್ಟಿಯ ಮೇಲೆ ಹಾಸಿ ಕಾದ ಮೊಳೆ ಒತ್ತಿದರೆ ಅದರ ಕಪ್ಪು ಕರಗಿ ಅಂಕಿಯಾಗಿ ಕೂರುತ್ತದೆ, ಅಲ್ಲಿಯವರೆಗೆ ಎರಡೂ ಒಂದೇ, ಆಮೇಲೆ ನೋಡಬೇಕು ಇವುಗಳ ಬಣ್ಣ, ಮೇಣದ್ದು ಮೇಲೆ ಮೇಲೆ ಕೂರುವಂಥದು, ರಟ್ಟಿಗೆ ಅಷ್ಟು ಸಾಕು, ಅಕ್ಕಿಚೀಲದ ಚೀಟಿಯನ್ನು ಯಾರು ಒಗೆಯುತ್ತಾರೆ, ರಾಳದ್ದು ಹಾಗಲ್ಲ, ಸ್ಯಾಟಿನ್ ಪಟ್ಟಿಯ ನೂಲುನೂಲಿಗೆ ಇಳಿದು ಕೂತುಬಿಟ್ಟರೆ ಸೋಡಾ ಹಾಕಿ ಕುದಿಸಿದರೂ ಏಳುವುದಿಲ್ಲ, ಅಯ್ಯಣ್ಣ ತನ್ನ ಜೀನ್ಸ್ ಪ್ಯಾಂಟುಗಳನ್ನು ಕಲ್ಲಿನ ಜೊತೆ ಡ್ರಮ್ಮಿಗೆ ಹಾಕಿ ತಿರುವುತ್ತಾನಲ್ಲ, ಹೊಸ ಬಟ್ಟೆಯನ್ನು ಹಳೆಯದು ಮಾಡಿ ಮಾರುವ ಮಾರಾಯ, ಆ ಕಲ್ಲಿನೇಟಿಗೂ ಜಗ್ಗುವುದಿಲ್ಲ. ಶಿವರಾತ್ರಿಯ ಹೊತ್ತಿಗೆ ಇದೇ ಉಜ್ಜಿನಪ್ಪ ಕಣ್ಣಳತೆಯಲ್ಲಿ ರಾಳ ಅಂದುಕೊಂಡು ಮೇಣ ಹಾಕಿ ಹೊಡೆದ, ಡ್ರಮ್ಮಿನಿಂದ ಬಂದ ಪ್ಯಾಂಟುಗಳ ಲೇಬಲ್ಲೆಲ್ಲ ಬೋಳು, ದಪ್ಪಗಿನವನ ಪ್ಯಾಂಟು ಯಾವುದು ಸಣಕಲನದು ಯಾವುದು ಗೊತ್ತಿಲ್ಲ, ಅಯ್ಯಣ್ಣ ಒಂದು ಹೊರೆ ತಂದು ಇದೇ ಹೊಸ್ತಿಲ ಮೇಲೆ ಸುರುವಿದ, ನಾ ಗಿರಾಕಿಗೆ ಏನ್ ಹೇಳ್ಲಿ ಉಜ್ಜಿನಪ್ಪ, ಹಾಕ್ಕೊಂಡು ನೋಡ್ರಿ ಅಂತ ಒಬ್ಬೊಬ್ರಿಗೂ ಧೋತ್ರ ಬಿಚ್ಚಿಸ್ಲೇನು, ಇನ್ನೊಂದು ಸಲ ಹಿಂಗಾತಂದ್ರ ನಿನ್ನ ಮೆಟ್ಲ ಹತ್ತಾಂಗಿಲ್ಲ. ಅಯ್ಯಣ್ಣ ಮೆಟ್ಟಿಲು ಹತ್ತದಿದ್ದರೆ ಈ ಓಣಿಯ ಉಳಿದ ಪ್ಯಾಂಟಿನವರೂ ಹತ್ತುವುದಿಲ್ಲ, ಅಂಗಡಿ ಅನ್ನುವುದು ಬರೀ ಬಾಗಿಲಾಗಿ ಉಳಿಯುತ್ತದೆ, ಅದು ಅವಳಿಗೂ ಗೊತ್ತು.

ಅವತ್ತು ತಾನಿರಲಿಲ್ಲ, ಅದಕ್ಕೇ ಹಾಗಾಯಿತು, ರಾಳವೋ ಮೇಣವೋ ಹೇಳುವುದು ಕಣ್ಣಲ್ಲ, ಉಗುರು, ಹೆಬ್ಬೆರಳಿನ ಉಗುರಿಗೆ ಒಂದಿಷ್ಟು ಎಂಜಲು ತಾಗಿಸಿ ಹೊಡೆದ ಅಂಕಿಯನ್ನು ಕೆರೆಯಬೇಕು, ಮೇಣವಾದರೆ ಕಪ್ಪು ಎದ್ದು ಬಂದು ಉಗುರಿನ ಸಂದಿಯಲ್ಲಿ ಕೂರುತ್ತದೆ, ರಾಳವಾದರೆ ಉಗುರೇ ಜಾರುತ್ತದೆ, ಬ್ಲೇಡಿನಿಂದ ಕೆರೆದರೆ ಎರಡೂ ಬಂದಾವು, ಬೆರಳಿನಿಂದ ಉಜ್ಜಿದರೆ ಎರಡೂ ಬರಲಿಕ್ಕಿಲ್ಲ, ಉಗುರೊಂದೇ ನಿಜ ಹೇಳುವುದು, ಉಜ್ಜಿನಪ್ಪನಿಗೋ ಉಗುರು ಕಡಿಯುವ ಚಟ, ಹತ್ತೂ ಬೆರಳು ಇಲಿ ತಿಂದ ರೊಟ್ಟಿ, ಮದುವೆಯಾದ ಹೊಸತರಲ್ಲಿ ಅವಳು ರೊಟ್ಟಿ ತಟ್ಟುತ್ತಿದ್ದಾಗ ಅಡುಗೆಮನೆಗೆ ಬೆಕ್ಕಿನ ಹಾಗೆ ಬಂದು ಮೂಗಿನ ಮುಂದೆ ಒಂದು ಲೇಬಲ್ ಹಿಡಿದ, ಹಿತ್ತಲಲ್ಲಿ ಅವನವ್ವ ಇದ್ದಳು, ಪಿಸುಗುಟ್ಟಿ ಕೇಳಿದ, ಹೆಂಗೈತಿ? ಏನು ಹೆಂಗೈತಿ, ಹಿಟ್ಟಿನ ಕೈಯಲ್ಲೇ ಕೆರೆದಳು, ಕಪ್ಪು ಬಂತು, ಬಿಡ್ತತಿ ರೀ ಅಂದಳು, ಅವನಿಗೆ ಅದೇನು ನಗುವೋ, ಹೌದ, ಬಿಡ್ತತೇನು, ಹಂಗಾದ್ರ ಹಿಡಿಯೋದು ಹುಡುಕ್ಕೊಂಡು ಬರ್ತೀನಿ ತಡಿ, ಅಂದು ಹೋಗಿ ಇನ್ನೊಂದು ತಂದ, ಆಗ ಅವಳು ಅಂದಳು, ಹಿಡಿದೈತಿ. ಅಷ್ಟೇ, ಅವೆರಡು ಮಾತು ಅವರಿಬ್ಬರದೇ ಆಗಿಹೋದವು, ಅಂಗಡಿಯಲ್ಲೂ ಅದೇ, ದೀಪ ಆರಿಸಿದ ಮೇಲೂ ಅದೇ, ಅವನು ಚಾಪೆಯ ಮೇಲೆ ತೋಳು ಚಾಚಿ ಹೆಂಗೈತಿ ಅನ್ನುವನು, ಅವಳು ತೋಳಿನ ಮೇಲೆ ಉಗುರು ಎಳೆದು ಬಿಡ್ತತಿ ಅಂದು ಕಾಡುವಳು, ಮುಖ ಸಣ್ಣದು ಮಾಡಿದರೆ ಆಮೇಲೆ ಹಿಡಿದೈತಿ ಅನ್ನುವಳು. ಊರಿನವರಿಗೆ ಅದು ಬಣ್ಣದ ಮಾತು, ಅವಳಿಗೆ ಅದು ತಾಳಿಯಷ್ಟೇ ತನ್ನದು.

ಆ ಉಗುರು ಹೋಯಿತು. ಸಂಕ್ರಾಂತಿಯ ಆಚೀಚೆ, ಇದೇ ಮಷೀನು, ಇದೇ ಸ್ಟೂಲು, ಅವಳು ಪಟ್ಟಿ ಸರಿಸುತ್ತಿದ್ದಳು ಅವನು ಹಿಡಿಕೆ ಎಳೆಯುತ್ತಿದ್ದ, ಅದೇನೋ ಅಂದ, ಅವಳು ನಕ್ಕಳು, ನಗುತ್ತ ಕೈ ತೆಗೆಯಲು ಮರೆತಳು, ಅವನು ಎಳೆದ — ಅಯ್ಯೋ, ನೆನೆದರೆ ಈಗಲೂ ಹಲ್ಲು ಜುಮ್ ಅನ್ನುತ್ತದೆ, ಕಾದ ಮೊಳೆ ಹೆಬ್ಬೆರಳಿನ ಮೇಲೆ ನಿಂತಿತ್ತು, ಉಗುರಿನ ಮೇಲೆ ಪ್ಯಾಂಟಿನ ಸೊಂಟದಳತೆ ಅಚ್ಚುಕಟ್ಟಾಗಿ ಮೂವತ್ನಾಲ್ಕು ಅಂತ ಬಿದ್ದಿತ್ತು, ರಾಳದ ರಿಬ್ಬನ್ನು, ವಾರಗಟ್ಟಲೆ ಅವಳು ಅದನ್ನು ಬೆರಳಿಗೆ ಕಟ್ಟಿಕೊಂಡು ತಿರುಗಿದಳು, ಉಗುರು ಕಪ್ಪಾಯಿತು, ಅಲುಗಾಡಿತು, ಒಂದು ದಿನ ಬಿದ್ದೇಹೋಯಿತು, ಅದರ ಮೇಲಿನ ಮೂವತ್ನಾಲ್ಕು ಮಾತ್ರ ಬಿಡಲಿಲ್ಲ. ಅವನು ಅತ್ತಿದ್ದು ನಿಜ, ಸುಳ್ಳು ಹೇಳಬಾರದು, ಗಂಡಸು ಅಂಗಡಿಯ ಬಾಗಿಲು ಹಾಕಿಕೊಂಡು ಹಣೆ ಚಚ್ಚಿಕೊಂಡ, ಆಮೇಲೆ ಅವಳನ್ನು ಮಷೀನಿನ ಹತ್ತಿರ ಬಿಡಲಿಲ್ಲ, ನೀ ಕುಂದ್ರು, ನೀ ಆರಾಮ ತಗೋ, ನೀ ಕುರುಗೋಡಿಗೆ ಹೋಗಿ ನಿಮ್ಮವ್ವನ ಕೈಲಿ ಉಣ್ಣು ಹೋಗು, ಎಲ್ಲ ಪ್ರೀತಿಯ ಮಾತೇ, ಪ್ರೀತಿಯಿಂದಲೇ ಹೊರಗೆ ಹಾಕಿದ, ಅವಳು ಬುತ್ತಿ ಕಟ್ಟಿಕೊಂಡು ತವರಿನ ಬಸ್ಸು ಹತ್ತಿದಳು, ಇತ್ತ ಅಯ್ಯಣ್ಣ ಬೋಳು ಲೇಬಲ್ ತಂದು ಸುರುವಿದ, ಆಗ ಈ ಮಹಾರಾಯನಿಗೆ ಒಂದು ಉಗುರು ಬೇಕಾಯಿತು, ಉಗುರು ಬೇಕೆಂದರೆ ಅಂಗಡಿಯಲ್ಲಿ ಸಿಗುತ್ತದೆಯೇ, ಅದರ ಹಿಂದೆ ಬೆರಳು ಇರಬೇಕು, ಬೆರಳಿನ ಹಿಂದೆ ಬಳೆ ಇರಬೇಕು, ಬಳೆಯ ಹಿಂದೆ ಒಬ್ಬ ವಿರೂಪಮ್ಮ ಇರಬೇಕು.

ವಿರೂಪಮ್ಮ ಸಿರುಗುಪ್ಪದ ಹೆಣ್ಣು, ಅತ್ತೆಯ ತವರಿನ ಕಡೆಯ ದೂರದ ಸಂಬಂಧ, ಗಂಡ ಲಾರಿಯ ಮೇಲೆ ಇರುವವನು, ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು, ಹಿಂದಿನ ಓಣಿಯಲ್ಲೇ ಮನೆ, ಚಂದ ಅನ್ನುವ ಹಾಗೇನಿಲ್ಲ, ಹಲ್ಲು ಸ್ವಲ್ಪ ಮುಂದು, ಆದರೆ ನಕ್ಕರೆ ಆ ಹಲ್ಲೇ ಚಂದ ಕಾಣುತ್ತದಲ್ಲ ಅದೇನು ಮಾಯೆಯೋ, ಉಗುರೋ, ದೇವರೇ, ಅಂಥ ಉಗುರು ಯಾರಿಗೂ ಕೊಡಬೇಡ, ಉದ್ದಕ್ಕೆ, ಗಟ್ಟಿಗೆ, ಅರಿಸಿನದ ಅಂಚಿನದು. ಉಜ್ಜಿನಪ್ಪನನ್ನು ಅವಳು ಅಣ್ಣ ಅಂದಿದ್ದರೆ ಅರ್ಧ ಕಿಚ್ಚು ಅಲ್ಲೇ ಆರುತ್ತಿತ್ತು, ಬಜಾರಿನಲ್ಲಿ ಕಂಡಕಂಡವರನ್ನೆಲ್ಲ ಅಣ್ಣ ಅನ್ನುವುದಿಲ್ಲವೇ, ಆದರೆ ಇವಳಿಗೆ ಸಂಬಂಧ ಹಾಗೆ ಬರುವುದಿಲ್ಲವಂತೆ, ಲೆಕ್ಕ ಹಾಕಿ ನೋಡಿದರೆ ಮಾವನೇ ಆಗಬೇಕಂತೆ, ಮಾವ ಅಂದರೆ ಯಾರು, ಹೆಣ್ಣು ಕೊಡಬಹುದಾದವನು, ತಾಳಿ ಕಟ್ಟಬಹುದಾಗಿದ್ದವನು, ಅತ್ತೆ ಬದುಕಿದ್ದಾಗ ಒಮ್ಮೆ ಅಂದಿದ್ದಳು, ನಮ್ಮ ಸಿರುಗುಪ್ಪದಾಗ ಒಂದು ಕೂಸು ಇತ್ತು, ವಯಸ್ಸು ಸಾಲಲಿಲ್ಲ ಅಂತ ಬಿಟ್ವಿ, ಆ ಕೂಸು ಇದೇ ಕೂಸೋ ಬೇರೆ ಕೂಸೋ, ಕೇಳಲಿಕ್ಕೆ ಅತ್ತೆ ಇಲ್ಲ, ಅವನನ್ನು ಕೇಳಿದರೆ ನಗುತ್ತಾನೆ. ಮತ್ತೆ ತನ್ನನ್ನು ಅವಳು ಕರೆಯುವುದು ಅಕ್ಕಾ ಅಂತ, ಅಕ್ಕಾ, ನೀರು ತರಲೇನ್ರಿ, ಅಕ್ಕಾ, ಕೈ ಹೆಂಗೈತ್ರಿ, ಸಕ್ಕರೆಯ ಹಾಗೆ ಕರೆಯುತ್ತಾಳೆ, ಅಣ್ಣ ಅನ್ನುವವಳ ಬಾಯಲ್ಲಿ ಅಕ್ಕ ಬೇರೆ, ಮಾವ ಅನ್ನುವವಳ ಬಾಯಲ್ಲಿ ಅಕ್ಕ ಬೇರೆ, ಸವತಿಯೂ ದೊಡ್ಡವಳನ್ನು ಅಕ್ಕ ಅಂತಲೇ ಕರೆಯುವುದು. ಹೊಟ್ಟೆಕಿಚ್ಚು, ಹೌದು, ಹೊಟ್ಟೆಕಿಚ್ಚೇ, ಬೇರೆ ಹೆಸರು ಯಾಕೆ ಇಡಬೇಕು, ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುವವರು ಅನ್ನಲಿ, ಕೆಲವು ಲೋಕ ಹಳದಿಯಾಗಿಯೇ ಇರುತ್ತವೆ.

ಕಣ್ಣಾರೆ ಕಂಡದ್ದಕ್ಕೆ ಏನು ಹೇಳುತ್ತಾರೆ, ಮೊನ್ನೆ, ಕುರುಗೋಡಿನಿಂದ ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂದುಬಿಟ್ಟಳಲ್ಲ, ಅವ್ವ ಇರು ಅಂದಳು, ಬಸವಣ್ಣನ ಗುಡಿಗೆ ಸೋಮವಾರ ಹೋಗಿ ಕಾಯಿ ಒಡೆಸಿಕೊಂಡು ಹೋಗುವಿಯಂತೆ ಅಂದಳು, ಇವಳಿಗೆ ಮನಸ್ಸು ನಿಲ್ಲಲಿಲ್ಲ, ಹೊಸ ಉಗುರು ಬಂದಿತ್ತು, ಅರ್ಧಕ್ಕಿಂತ ಹೆಚ್ಚೇ ಬಂದಿತ್ತು, ಅವನಿಗೆ ತೋರಿಸಬೇಕು ಅನ್ನುವ ಹುಚ್ಚು, ಮಧ್ಯಾಹ್ನದ ಬಸ್ಸು, ಮೆಣಸಿನಕಾಯಿ ಚೀಲದ ಘಾಟು, ದಾರಿಯುದ್ದಕ್ಕೂ ಕೆಮ್ಮು, ಬಗಲಲ್ಲಿ ಅವ್ವ ಕೊಟ್ಟ ಗುರೆಳ್ಳು ಪುಡಿ, ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದರೆ ಅಂಗಡಿಯ ಬಾಗಿಲು ಅರ್ಧ ಮುಚ್ಚಿದೆ, ಧಗೆಗೆ ಎಲ್ಲರೂ ಹಾಗೇ ಮುಚ್ಚುತ್ತಾರೆ, ತಾನೂ ಮುಚ್ಚುತ್ತಿದ್ದಳು, ಆದರೆ ಒಳಗೆ ಅವನು ಲೇಬಲ್ ಹಿಡಿದು ಕೈ ಚಾಚಿದ್ದಾನೆ, ಎದುರಿಗೆ ವಿರೂಪಮ್ಮ ಬಗ್ಗಿ ನಿಂತಿದ್ದಾಳೆ, ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿದಳು, ಆ ಅರಿಸಿನದ ಉಗುರು ಪಟ್ಟಿಯ ಮೇಲೆ ಸರ್ ಅಂತ ಹೋಯಿತು, ಮತ್ತೆ ಅವನು ಕೇಳಿದ, ಅದೇ ದನಿ, ಅಡುಗೆಮನೆಯ ದನಿ, ಹೆಂಗೈತಿ? ಹಿಡಿದೈತಿ ಮಾವ. ಹಿಡಿದೈತಂತೆ. ಯಾರು ಯಾರನ್ನು ಹಿಡಿದಿದ್ದು, ಯಾರು ಹೇಳಿಕೊಟ್ಟರು ಅವಳಿಗೆ ಆ ಮಾತು, ಬೇಕಾದರೆ ಅಂಟೈತಿ ಅನ್ನಲಿ, ಕುಂತೈತಿ ಅನ್ನಲಿ, ಕನ್ನಡದಲ್ಲಿ ಮಾತಿಗೇನು ಬರವೇ, ತನ್ನ ಗಂಟಿನಿಂದ ಬಿಚ್ಚಿ ಕೊಟ್ಟನಲ್ಲ ಅವನು. ಬಾಗಿಲಲ್ಲಿ ಇವಳನ್ನು ಕಂಡು ಇಬ್ಬರೂ ನಕ್ಕರು, ಏಯ್ ಬಂದಿ? ಅಂದ ಅವನು, ತಪ್ಪಿತಸ್ಥನ ಹಾಗೆ ಬೆಚ್ಚಲೂ ಇಲ್ಲ, ಬೆಚ್ಚಿದ್ದರಾದರೂ ಒಂದು ಜಗಳ ಆಗಿ ಮುಗಿಯುತ್ತಿತ್ತು, ಇವಳು ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಆಗಲೇ ಕಂಡಿದ್ದು ಬೊಟ್ಟು. ಮೇಜಿನ ಮೇಲೆ, ಸುರುಳಿಯ ಮೇಲೆ, ಕೆಂಪಗೆ, ದುಂಡಗೆ. ಹೆಂಗಸು ಬೊಟ್ಟು ತೆಗೆದು ಎಲ್ಲೆಂದರಲ್ಲಿ ಯಾವಾಗ ಅಂಟಿಸುತ್ತಾಳೆ, ಮುಖ ತೊಳೆಯುವಾಗ, ಮಲಗುವಾಗ, ಕನ್ನಡಿಗೋ ಬಾಗಿಲ ಚೌಕಟ್ಟಿಗೋ ಅಂಟಿಸಿ ಮತ್ತೆ ಎದ್ದ ಮೇಲೆ ಹಣೆಗಿಡುತ್ತಾಳೆ, ಬೊಟ್ಟು ಇಲ್ಲಿದ್ದರೆ ಹಣೆ ಎಲ್ಲಿತ್ತು, ಎರಡು ರಾತ್ರಿ ಅದನ್ನೇ ಲೆಕ್ಕ ಹಾಕಿದಳು, ಪಕ್ಕದಲ್ಲಿ ಅವನು ಗೊರಕೆ ಹೊಡೆಯುತ್ತಿದ್ದ, ಕೇಳಿಬಿಡೋಣ ಅನ್ನಿಸಿತು, ಕೇಳಿದರೆ ಮರ್ಯಾದೆ ಹೋಗುತ್ತದೆ, ಕೇಳದಿದ್ದರೆ ಜೀವ ಹೋಗುತ್ತದೆ, ಕೊನೆಗೆ ಇವತ್ತು ಬೆಳಗ್ಗೆ ಅವನಾಗಿಯೇ ಅಂದ, ಗುರುತಿಗೆ ಹಚ್ಚಿಟ್ಟಾಳ, ರಾಳದ್ದರ ಮ್ಯಾಲೆ. ಗುರುತಂತೆ. ಎದೆಯ ಮೇಲಿಂದ ಒಂದು ಕಲ್ಲು ಇಳಿಯಿತು, ಅದೇ ಗಳಿಗೆಯಲ್ಲಿ ಇನ್ನೊಂದು ಏರಿತು, ಆ ಬೊಟ್ಟು ಅವನ ಚಾಪೆಯ ಮೇಲಿಂದ ಬಂದಿದ್ದಲ್ಲ, ಸರಿ, ಆದರೆ ತನ್ನ ಉಗುರು ಇರುವ ಜಾಗದಲ್ಲಿ ಬಂದು ಕೂತಿದೆಯಲ್ಲ, ತಾನು ಹೇಳಬೇಕಾದ್ದನ್ನು ಅವಳ ಬೊಟ್ಟು ಹೇಳುತ್ತಿದೆಯಲ್ಲ. ಈಗ ಅವನು ಸಿರುಗುಪ್ಪದ ಬಸ್ಸಿನಲ್ಲಿ ಕೂತಿರುತ್ತಾನೆ, ಸಿರಿಗೇರಿ ದಾಟಿರಬಹುದು, ಕೈಯಲ್ಲಿ ವಿರೂಪಮ್ಮ ಕೊಟ್ಟ ಗಂಟು, ನಮ್ಮವ್ವಗ ಮುಟ್ಟಿಸಿ ಬರ್ರಿ ಮಾವ, ಮುಟ್ಟಿಸುತ್ತಾನೆ, ಅಲ್ಲಿ ಅಳಿಯನಿಗೆ ಹಾಕಿದ ಹಾಗೆ ಚಾಪೆ ಹಾಕುತ್ತಾರೆ, ಒಗ್ಗಾಣಿ ಮಿರ್ಚಿ ತಿನ್ನಿಸುತ್ತಾರೆ, ತಿನ್ನಲಿ, ಗಂಟಲಿಗೆ ಸಿಕ್ಕಲಿ, ಬೇಡ ಬೇಡ, ಸಿಕ್ಕದಿರಲಿ, ಬಸವಣ್ಣಾ, ಸುಮ್ಮನೆ ಅಂದೆ.

ಕೈ ತಾನಾಗಿಯೇ ಹೋಯಿತು, ಬೊಟ್ಟನ್ನು ಎಬ್ಬಿಸಿತು, ಒಂದೇ ಎಳೆತಕ್ಕೆ ಬಂತು, ನೋಡು ವಿರೂಪಮ್ಮ, ನಿನ್ನದು ಬಿಡ್ತತಿ, ಮಡಿಲಲ್ಲಿ ಈಗ ಎರಡೂ ಬೋಳು ಸುರುಳಿ, ಬಲಗಡೆಯದು ರಾಳ, ಎಡಗಡೆಯದು ಮೇಣ, ಗೊತ್ತಿರುವವಳು ಅವಳೊಬ್ಬಳೇ, ಆಗ ಹೊಳೆಯಿತು, ಹೊಳೆಯಿತೇನು, ಮೊನ್ನೆಯಿಂದ ಒಳಗೆ ಕೂತಿದ್ದು ಈಗ ತಲೆ ಎತ್ತಿತು — ಎಡಗಡೆಯದನ್ನು ಹಾಕಿದರೆ? ಆಮೇಲೆ ಅವನು ಕೇಳಿದರೆ, ನೀವ ಹೇಳಿದ್ರಲ್ಲ ರೀ, ಬೊಟ್ಟು ಇದ್ದದ್ದನ್ನ ಹಾಕು ಅಂತ, ಹಾಕೀನಿ, ಬೊಟ್ಟು ಮ್ಯಾಣದ್ದರ ಮ್ಯಾಲೆ ಇತ್ತು, ನನಗೇನ್ ಗೊತ್ತು, ನನ್ನ ಉಗುರಿಗೆ ಈಗ ಯಾರು ಕೇಳ್ತಾರ. ಪ್ಯಾಂಟುಗಳು ಡ್ರಮ್ಮಿಗೆ ಹೋಗುತ್ತವೆ, ಕಲ್ಲುಗಳು ಗುಡುಗುಡು ಉರುಳುತ್ತವೆ, ಲೇಬಲ್ಲುಗಳು ಬೋಳಾಗಿ ಬರುತ್ತವೆ, ಅಯ್ಯಣ್ಣ ಹೊಸ್ತಿಲ ಮೇಲೆ ಸುರುವುತ್ತಾನೆ, ಉಜ್ಜಿನಪ್ಪ ವಿರೂಪಮ್ಮನ ಮುಖ ನೋಡುತ್ತಾನೆ, ಅವಳ ಹಲ್ಲು ಕಾಣುವುದಿಲ್ಲ, ಆ ಉದ್ದನೆಯ ಉಗುರು ಸೆರಗಿನೊಳಗೆ ಹೋಗುತ್ತದೆ, ಆಹಾ, ಎಷ್ಟು ತಂಪಾಯಿತು ಹೊಟ್ಟೆ, ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು, ಕೈಯಿಂದ ಒರೆಸಿಕೊಂಡಳು, ಮತ್ತೆ ಅಯ್ಯಣ್ಣ, ಅಯ್ಯಣ್ಣ ಏನು ಮಾಡುತ್ತಾನೆ, ಮೆಟ್ಟಿಲು ಇಳಿಯುತ್ತಾನೆ, ಮತ್ತೆ ಹತ್ತುವುದಿಲ್ಲ, ಉಗುರು ಕಡಿಯುತ್ತ ಉಜ್ಜಿನಪ್ಪ ಖಾಲಿ ಮಷೀನಿನ ಮುಂದೆ ಕೂರುತ್ತಾನೆ, ನೆರೆಮನೆಗೆ ಬೆಂಕಿ ಇಡಲು ಹೋಗಿ ತನ್ನ ಗುಡಿಸಲು ಸುಟ್ಟುಕೊಂಡ ಹಾಗಾಗುತ್ತದೆ, ಅಷ್ಟರಲ್ಲಿ ಸುಟ್ಟ ವಾಸನೆ, ಮೊಳೆಗಳ ಕೆಳಗೆ ಪಟ್ಟಿಯ ತುದಿ ಸಿಕ್ಕಿ ಹೊಗೆಯಾಡುತ್ತಿದೆ, ಅಯ್ಯೋ ಅಂತ ದಡಕ್ಕನೆ ಎದ್ದಳು, ಮಡಿಲಲ್ಲಿದ್ದ ಎರಡೂ ಸುರುಳಿಗಳು ದೊಪ್ಪನೆ ಬಿದ್ದವು, ಉರುಳಿ ಉರುಳಿ ಮೇಜಿನ ಕೆಳಗೆ ಕತ್ತಲಿಗೆ ಹೋದವು.

ಪಟ್ಟಿ ಎಳೆದು ಬಿಸಾಡಿ, ಮೊಣಕಾಲೂರಿ, ಜೇಡರ ಬಲೆಯಲ್ಲಿ ಕೈಯಾಡಿಸಿ ಎರಡನ್ನೂ ಹೊರಗೆ ತೆಗೆದಳು, ಎರಡೂ ಕಪ್ಪು, ಎರಡೂ ಮಿರಿಮಿರಿ, ಬಲಗಡೆ ಯಾವುದು ಎಡಗಡೆ ಯಾವುದು, ನೆಲಕ್ಕೆ ಬಲ ಎಡ ಉಂಟೇ, ಆಗಲಿ, ಹೆದರಿಕೆ ಯಾಕೆ, ತಾನು ಚನ್ನವೀರಮ್ಮ, ಹೊಡೆದು ಕೆರೆದು ನೋಡಿದರಾಯಿತು, ಒಂದೊಂದು ಸುರುಳಿಯಿಂದ ಒಂದೊಂದು ಲೇಬಲ್ ಹೊಡೆದಳು, ಮೂವತ್ನಾಲ್ಕು, ಮೂವತ್ನಾಲ್ಕು, ಚಂದ ಬಂದವು ಎರಡೂ, ಆರಲಿ ಅಂತ ಉಫ್ ಅಂತ ಊದಿದಳು, ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿದಳು, ಮೊದಲನೆಯದನ್ನು ಕೆರೆದಳು, ಜಾರಿತು, ರಾಳ, ಸಿಕ್ಕಿತಲ್ಲ, ಎದೆಯೊಳಗೆ ಹಳೆಯ ಸೊಕ್ಕು ಒಂದು ಗಳಿಗೆ ತಲೆಯೆತ್ತಿತು, ಸುಮ್ಮನೆ ಇನ್ನೊಂದನ್ನೂ ಕೆರೆದಳು, ಅದೂ ಜಾರಿತು. ಮತ್ತೆ ಕೆರೆದಳು. ಮತ್ತೆ. ಎರಡೂ ಹಿಡಿದಿವೆ. ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು, ಹೊಸ ಉಗುರು ಈರುಳ್ಳಿಯ ಒಳಸಿಪ್ಪೆಯ ಹಾಗೆ ಬಾಗುತ್ತಿದೆ, ಮೆತ್ತಗೆ, ತೆಳ್ಳಗೆ, ಅದಕ್ಕೆ ಮೇಣವೂ ಒಂದೇ ರಾಳವೂ ಒಂದೇ, ಉಳಿದ ಬೆರಳುಗಳ ಉಗುರೋ, ಕುರುಗೋಡಿನಲ್ಲಿ ಅವ್ವನ ಜೊತೆ ಹುಣಸೆಹಣ್ಣು ಬಿಡಿಸಿ ಬಿಡಿಸಿ ಬುಡಕ್ಕೆ ಸವೆದಿವೆ. ಸೋಡಾ ಹಾಕಿ ಕುದಿಸಿ ತಿಕ್ಕಿ ನೋಡೋಣವೆಂದರೆ ಅದು ಕತ್ತಲಾಗುವವರೆಗಿನ ಕೆಲಸ, ಅಯ್ಯಣ್ಣನ ಮಂದಿ ಸಂಜೆಗೇ ಬರುತ್ತಾರೆ, ಕಾವು ಕಡಿಮೆ ಮಾಡಿ ಯಾವುದು ಬೇಗ ಕರಗುತ್ತದೆ ನೋಡೋಣವೆಂದರೆ ಈ ಓಣಿಯ ಕರೆಂಟು ಗಳಿಗೆಗೊಂದು ಬಣ್ಣ, ಅದನ್ನು ನಂಬಿದವರುಂಟೇ. ಬೊಟ್ಟು, ಬೊಟ್ಟು ಎಲ್ಲಿ, ಅದನ್ನಾದರೂ ಹುಡುಕಿಡಬೇಕು, ಬೆರಳಲ್ಲಿ ಇತ್ತಲ್ಲ, ಸೀರೆಯ ಮಡಿಲು ಒದರಿದಳು, ನೆಲ ಸವರಿದಳು, ಸ್ಟೂಲು ಎತ್ತಿ ನೋಡಿದಳು, ಮಷೀನಿನ ಸುತ್ತ ನೋಡಿದಳು, ಎಲ್ಲೂ ಇಲ್ಲ, ಬೊಟ್ಟಿಗೆ ಕಾಲು ಬಂತೇ.

ಉಳಿದದ್ದು ಒಂದೇ ದಾರಿ, ಆ ದಾರಿ ಹಿಂದಿನ ಓಣಿಗೆ ಹೋಗುತ್ತದೆ. ಹೋಗುವುದಿಲ್ಲ ಅಂದಿತು ಮನಸ್ಸು, ಅಂಗಡಿ ಮುಳುಗಲಿ, ಕಾಲು ಮಾತ್ರ ಚಪ್ಪಲಿ ಹುಡುಕುತ್ತಿತ್ತು, ಸುರುಳಿಗಳನ್ನು ಮೇಜಿನ ಮೇಲೆ ಎಡಕ್ಕೊಂದು ಬಲಕ್ಕೊಂದು ಇಟ್ಟಳು, ಎಡಗಡೆಯದರ ಲೇಬಲ್ ಎಡಗೈಯಲ್ಲಿ, ಬಲಗಡೆಯದು ಬಲಗೈಯಲ್ಲಿ, ಅದಲು ಬದಲಾಗಬಾರದು, ಎರಡು ದೀಪ ಹಿಡಿದ ಹಾಗೆ ಎರಡು ಮೂವತ್ನಾಲ್ಕು ಹಿಡಿದುಕೊಂಡು ಬೀದಿಗಿಳಿದಳು, ಬಿಸಿಲು ಮುಖಕ್ಕೆ ಹೊಡೆಯಿತು, ಸೆರಗು ಎಳೆದುಕೊಳ್ಳಲು ಕೈಯಿಲ್ಲ, ಓಣಿಯ ಬಾಯಲ್ಲಿ ಮಿರ್ಚಿ ಕರಿಯುವ ಸತ್ಯಮ್ಮ ಜಾಲರಿ ಎತ್ತಿದವಳು ಎತ್ತಿದ ಹಾಗೇ ಇವಳ ಮುಖ ನೋಡಿದಳು, ಇನ್ನೊಮ್ಮೆ ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡಳು, ನಗುತ್ತಾಳೆ, ಊರಿಗೆಲ್ಲ ಗೊತ್ತಾಗಿದೆ, ತನಗೊಬ್ಬಳಿಗೇ ಕೊನೆಗೆ ಗೊತ್ತಾಗುವುದು, ನಗು ಸತ್ಯಮ್ಮ, ನಿನ್ನ ಎಣ್ಣೆ ಹೊತ್ತಲಿ, ಎಲ್ಲಿಗೆ ಹೊಂಟೀಯವ್ವಾ ಇಷ್ಟ್ ಸಿಂಗಾರ ಮಾಡ್ಕೊಂಡು ಅಂದಳು ಬೆನ್ನ ಹಿಂದೆ, ಸಿಂಗಾರವಂತೆ, ಹೊಗೆಯಲ್ಲಿ ಕೂತು ಬೆವರಿದ ಮುಖಕ್ಕೆ ಸಿಂಗಾರ, ತಿರುಗಿ ನೋಡಲಿಲ್ಲ, ವಿರೂಪಮ್ಮನ ಬಾಗಿಲು ತೆರೆದೇ ಇತ್ತು, ಒಳಗೆ ರೊಟ್ಟಿ ತಟ್ಟುವ ಸಪ್ಪಳ, ಅದೇ ಸಪ್ಪಳ, ಪಟ ಪಟ, ಅಂದು ತನ್ನ ಅಡುಗೆಮನೆಯಲ್ಲಿ ಇದ್ದದ್ದು.

ಅಯ್ಯ ಅಕ್ಕಾ, ಬರ್ರಿ ಬರ್ರಿ, ಒಳಗ ಬರ್ರಿ, ಕೈ ಹೆಂಗೈತ್ರಿ, ಅಂದುಕೊಂಡು ಹೊರಗೆ ಬಂದಳು, ಒಳಗಿನ ಕತ್ತಲಿಂದ ಬಂದವಳಿಗೆ ಬಿಸಿಲಿಗೆ ಕಣ್ಣು ಒಗ್ಗಿರಲಿಲ್ಲ, ಅಂಗೈಗೆಲ್ಲ ಜೋಳದ ಹಿಟ್ಟು, ಇವಳು ಒಳಗೆ ಹೋಗಲಿಲ್ಲ, ಏನೇನೋ ಹೇಳಬೇಕೆಂದು ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದಳು, ಅವರು ಕೇಳಿ ಬಾ ಅಂದಾರ ಅಂತಲೋ, ನನಗೊತ್ತೈತಿ ಆದರೂ ಅಂತಲೋ, ಅದೆಲ್ಲ ಬಿಟ್ಟು ಎಡಗೈ ಚಾಚಿ ಲೇಬಲ್ ಹಿಡಿದಳು, ಬಾಯಿ ತೆರೆದರೆ ಬಂದದ್ದು ಒಂದೇ ಮಾತು, ಹೆಂಗೈತಿ? ಅಯ್ಯೋ, ಇದು ಅವನ ಮಾತು, ಅವನದೇ ದನಿ, ತಾನು ಅವನ ಜಾಗದಲ್ಲಿ ನಿಂತಿದ್ದಾಳೆ. ವಿರೂಪಮ್ಮ ಹಿಟ್ಟಿನ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿದಳು, ತಲೆ ಬಗ್ಗಿಸಿ ಕೆರೆದಳು, ಕಪ್ಪು ಎದ್ದು ಉಗುರಿನ ಸಂದಿಯಲ್ಲಿ ಕೂತಿತು, ಇದು ಬಿಡ್ತತಿ ಅಕ್ಕಾ, ಇನ್ನೊಂದನ್ನು ಕೆರೆದಳು, ಉಗುರು ಜಾರಿತು, ಇದು ಹಿಡಿದೈತ್ರಿ. ಬಲಗಡೆಯದು, ಬಲಗಡೆಯದು ರಾಳ, ಅಂಗಡಿ ಉಳಿಯಿತು, ವಿರೂಪಮ್ಮ ಇನ್ನೂ ಲೇಬಲ್ಲನ್ನೇ ನೋಡುತ್ತ ಅನ್ನುತ್ತಿದ್ದಳು, ಆದ್ರ ನಾ ಬೊಟ್ಟು ಹಚ್ಚಿಟ್ಟಿದ್ದೆನಲ್ರಿ ಅಕ್ಕಾ, ಮಾವನ ಹೇಳಿದ್ರು, ಅಕ್ಕನ ಉಗುರು ಇನ್ನಾ ಹಸಿ ಐತಿ, ಕೆರೆಯಾಕ ಹೋಗಿ ನೋವು ಮಾಡ್ಕೊಂತಾಳ, ಏನಾರ ಗುರ್ತು ಮಾಡಿಡು, ಅಕಿ ಉಗುರು ಗಟ್ಟಿ ಆತಂದ್ರ ನಿನ್ನ ಉಗುರಿಗೆ ರಜಾ ಅಂತ ನಗ್ತಿದ್ರು, ಅಲ್ಲೇನೂ ಸಿಗಲಿಲ್ಲ, ನನ್ನ ಹಣಿ ಮ್ಯಾಲಿಂದ ತಗದು ಹಚ್ಚೀನಿ, ಬಿತ್ತೇನ್ರಿ ಅದು?

ಬಿದ್ದಿರಬೇಕವ್ವ, ಅಂದಳು ಚನ್ನವೀರಮ್ಮ, ಧಗಿಗೆ ಅಂಟು ಬಿಟ್ಟಿರಬೇಕು, ನಾ ನೋಡ್ಲಿಲ್ಲ, ಎಲ್ಲಿ ಹೋತೋ ಏನೋ, ನಾ ಅಂತೂ ಕೈ ಹಚ್ಚಿಲ್ಲ, ಯಾರೂ ಕೇಳದಿದ್ದರೂ ಕೈ ಹಚ್ಚಿಲ್ಲ ಅಂದಳು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವರ ಹಾಗೆ, ವಿರೂಪಮ್ಮ ನಗುತ್ತ ತಲೆಯೆತ್ತಿದಳು, ಬಿಸಿಲಿಗೆ ಕಣ್ಣು ಈಗ ಒಗ್ಗಿತ್ತು, ನಗು ಅರ್ಧಕ್ಕೆ ನಿಂತಿತು, ಇವಳ ಮುಖವನ್ನೇ ನೋಡುತ್ತಿದ್ದಾಳೆ, ಮುಖವನ್ನಲ್ಲ, ಕಣ್ಣಿನ ಮೇಲೆ, ವಿಭೂತಿಯ ಪಕ್ಕ, ಸತ್ಯಮ್ಮ ನೋಡಿದ ಜಾಗವನ್ನೇ, ಏನಿದೆ ಅಲ್ಲಿ, ಯಾಕೆ ಹೀಗೆ ನೋಡುತ್ತಾರೆ ಎಲ್ಲರೂ, ಬೆವರು ಒರೆಸಿಕೊಂಡೆನಲ್ಲ, ಈ ಕೈಯಿಂದಲೇ ಒರೆಸಿಕೊಂಡೆನಲ್ಲ, ಈ ಬೆರಳಿನಿಂದ — ವಿರೂಪಮ್ಮನ ಮೇಣ ಮೆತ್ತಿದ ಉಗುರು ಮೇಲೆ ಬಂತು, ಕಣ್ಣಿನ ಹತ್ತಿರ ಬಂತು, ಹುಬ್ಬಿನ ಮೇಲೆ ಮೆಲ್ಲಗೆ ತಾಗಿತು, ಗಾಯಕ್ಕೆ ಕಟ್ಟಿದ ಪಟ್ಟಿ ಬಿಚ್ಚುವವರ ಹಾಗೆ ಮೆಲ್ಲಗೆ, ಇಷ್ಟೇ ಇಷ್ಟು ಚರ್ಮ ಜಗ್ಗಿತು, ಬಿಟ್ಟಿತು, ಇಬ್ಬರ ನಡುವೆ, ಉಗುರಿನ ತುದಿಯಲ್ಲಿ, ಕೆಂಪಗೆ, ದುಂಡಗೆ, ತೊಗರಿಬೇಳೆಯಷ್ಟು —